ಮೂರು ಕೆಲಸಕ್ಕೆ ಒಂದೇ ಪಂಪ್ ಸಾಕೇ?



ಕೂಟದ ಈ-ಪತ್ರಿಕೆಯ ವಿಜ್ಞಾನದ ಪುಟಕ್ಕೆ ಈ ಸಲ ಗ್ರಹಣಗಳ ಬಗ್ಗೆ ಬರೆಯೋಣ ಎಂದುಕೊಂಡಿದ್ದೆ. ಯುಗಾದಿ ಊಟದ ದಿನ ನಡೆದ ಒಂದು ಮಾತುಕತೆ ವಿಷಯವನ್ನೇ ಬದಲಾಯಿಸಿತು.

ನಮ್ಮ ಕೂಟದಲ್ಲೇ ಆಡಿ ಬೆಳೆದ ಹುಡುಗಿಯೊಬ್ಬಳಿದ್ದಾಳೆ. ರಾಜ್ಯೋತ್ಸವದ ನಾಟಕದಲ್ಲಿ ಒನಕೆ ಹಿಡಿದು ಓಬವ್ವನಾಗಿ ನಿಂತಿದ್ದನ್ನು ಹಳಬರು ಮರೆತಿರಲಾರಿರಿ. ಈಗ ಇಲ್ಲಿಂದ ಎರಡು ಗಂಟೆ ದೂರದ ಒಂದು ಸಣ್ಣ ಯೂನಿವರ್ಸಿಟಿಯಲ್ಲಿ ಅಸಿಸ್ಟೆಂಟ್ ಪ್ರೊಫೆಸರ್. ಹೊಸದಾಗಿ ಒಂದು ಲ್ಯಾಬ್ ಕೊಟ್ಟಿದ್ದಾರೆ, ಅದನ್ನು ಕಟ್ಟಿಕೊಳ್ಳಲು ಒಂದಿಷ್ಟು ದುಡ್ಡು ಕೊಟ್ಟಿದ್ದಾರೆ. ಆ ದುಡ್ಡು ಒಂದೇ ಸಲ ಸಿಗುವುದು. ಅದು ಕರಗುವುದರೊಳಗೆ ಕೆಲಸ ತೋರಿಸದಿದ್ದರೆ ಮುಂದಿನ ಗ್ರ್ಯಾಂಟೂ ಇಲ್ಲ, ಕೆಲಸವೂ ಖಾಯಂ ಇಲ್ಲ.

ನಾನು ಒಬ್ಬಟ್ಟಿಗೆ ತುಪ್ಪ ಹಾಕಿಕೊಳ್ಳುತ್ತಿದ್ದಾಗ ಪಕ್ಕಕ್ಕೆ ಬಂದು ಕೂತಳು. "ಅಂಕಲ್, ನೀವು ಇಷ್ಟು ವರ್ಷ ಲ್ಯಾಬ್ ಇನ್‌ಸ್ಟ್ರುಮೆಂಟ್ಸ್ ನೋಡ್ಕೊಂಡಿದ್ದೀರಲ್ಲ. ನಂಗೊಂದು ವ್ಯಾಕ್ಯೂಮ್ ಪಂಪ್ ಬೇಕು. ಈ ಕೊಟೇಶನ್ ಸ್ವಲ್ಪ ನೋಡಿ." ಕಾಗದ ಬಿಚ್ಚಿದೆ. ದೊಡ್ಡದೊಂದು ಎಣ್ಣೆ ಪಂಪ್. ಬೆಲೆ ಕಂಡು ತುಪ್ಪದ ಚಮಚ ಕೆಳಗಿಟ್ಟೆ.

"ಇದರಲ್ಲಿ ಏನು ಮಾಡ್ತೀಯಮ್ಮ?"

"ಮೂರು ಕೆಲಸ ಇದೆ. ದ್ರಾವಕ ಆವಿ ಮಾಡೋ ರೋಟೋವ್ಯಾಪ್‌ಗೆ, ಫ್ರೀಜ್ ಡ್ರೈಯರ್‌ಗೆ, ಆಮೇಲೆ ತೆಳು ಪದರ ಕೂರಿಸೋ ಸಣ್ಣ ಚೇಂಬರ್‌ಗೆ. ಮೂರಕ್ಕೂ ಒಂದೇ ಪವರ್‌ಫುಲ್ ಪಂಪ್ ತಗೊಂಡ್ರೆ ಉಳಿತಾಯ ಅಲ್ವಾ?"

ಅಲ್ಲ ಎಂದೆ. ಯಾಕೆ ಅಲ್ಲ ಎಂದು ಹೇಳಲು ಆ ಮಧ್ಯಾಹ್ನವೆಲ್ಲ ಹಿಡಿಯಿತು. ಸುತ್ತ ಕೂತವರೂ ಕಿವಿ ಕೊಟ್ಟರು. ಬರೆದು ಕೊಡಿ, ಹೈಸ್ಕೂಲಿನ ಮಕ್ಕಳಿಗೂ ಉಪಯೋಗವಾಗುತ್ತೆ ಎಂದರು. ಅದಕ್ಕೇ ಈ ಪಾಠ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಬಿಡಬೇಕು. ಪಂಪ್ ಗಾಳಿಯನ್ನು ಎಳೆಯುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೇವೆ. ಅದಕ್ಕೆ ಎಳೆಯುವ ಶಕ್ತಿಯೇ ಇಲ್ಲ. ಗಾಳಿಯ ಅಣುಗಳು ಪಾತ್ರೆಯೊಳಗೆ ಸುಮ್ಮನೆ ಓಡಾಡುತ್ತಾ ಗೋಡೆಗೆ, ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿರುತ್ತವೆ. ಅಲೆಯುತ್ತಾ ಅಲೆಯುತ್ತಾ ಕೆಲವು ಪಂಪಿನ ಬಾಯಿಗೆ ಬರುತ್ತವೆ. ಹಾಗೆ ಬಂದವನ್ನು ಹಿಂದಿರುಗದಂತೆ ಹಿಡಿದು ಹೊರಗೆ ಹಾಕುವುದಷ್ಟೇ ಪಂಪಿನ ಕೆಲಸ. ನಮ್ಮ ಪಿಕ್ನಿಕ್ಕಿನಲ್ಲಿ ಆಡುವ ಮಕ್ಕಳು ತಾವಾಗಿಯೇ ಐಸ್‌ಕ್ರೀಮಿನ ಬಾಗಿಲಿಗೆ ಬಂದಾಗ ಅಮ್ಮಂದಿರು ಕೈ ಹಿಡಿದು ಕಾರಿಗೆ ಕೂರಿಸುತ್ತಾರಲ್ಲ, ಹಾಗೆ. ಮಗು ಬಾಗಿಲಿಗೆ ಬರದಿದ್ದರೆ ಎಷ್ಟೇ ಗಟ್ಟಿಗಿತ್ತಿ ಅಮ್ಮನಾದರೂ ಏನು ಮಾಡಿಯಾಳು?

ಇನ್ನು ಅಳತೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 1013 ಮಿಲಿಬಾರ್. ಹಳೆಯ ಲೆಕ್ಕದಲ್ಲಿ ಪಾದರಸದ 760 ಮಿಲಿಮೀಟರ್, ಅಥವಾ 760 ಟಾರ್. 1643ರಲ್ಲಿ ಪಾದರಸದ ಕೊಳವೆಯ ಪ್ರಯೋಗಕ್ಕೆ ದಾರಿ ತೋರಿದ ಇಟಲಿಯ ಟಾರಿಚೆಲ್ಲಿಯ ಹೆಸರೇ ಈ ಟಾರ್. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಈ ಒತ್ತಡ 910ರ ಆಸುಪಾಸು. ಡೆನ್ವರ್‌ನಲ್ಲಿ ಇನ್ನೂ ಕಡಿಮೆ, 830ರಿಂದ 840. ಡೆನ್ವರ್‌ನ ಗೆಳೆಯರೊಬ್ಬರು ಒಮ್ಮೆ ಫೋನ್ ಮಾಡಿ ಗೋಳಾಡಿದ್ದರು: ಹೊಸ ಪಂಪು, ಮುಳ್ಳು 25 ಇಂಚಿನ ಹತ್ತಿರ ನಿಂತುಬಿಟ್ಟಿದೆ, ಕ್ಯಾಟಲಾಗ್‌ನಲ್ಲಿ 29 ದಾಟುತ್ತೆ ಅಂತ ಬರೆದಿದ್ದಾರೆ, ಮೋಸ! ಮೋಸವೇನಿಲ್ಲ. ಆ ಬಗೆಯ ಡಯಲ್ ಗೇಜ್ ಹೊರಗಿನ ಗಾಳಿಗಿಂತ ಒಳಗೆ ಎಷ್ಟು ಕಡಿಮೆ ಎಂಬುದನ್ನು ತೋರಿಸುತ್ತದೆ. ಡೆನ್ವರ್‌ನಲ್ಲಿ ಹೊರಗಿರುವುದೇ ಸುಮಾರು 25 ಇಂಚು. ಇಲ್ಲದ ಗಾಳಿಯನ್ನು ತೆಗೆಯುವುದು ಹೇಗೆ? ಲ್ಯಾಬಿಗೆ ಬೇಕಾದ್ದು ಸೊನ್ನೆಯಿಂದ ಮೇಲಕ್ಕೆ ಎಣಿಸುವ ಗೇಜ್. ಪಂಪಿಗೆ ದುಡ್ಡು ಸುರಿದು ಗೇಜಿಗೆ ಜಿಪುಣತನ ಮಾಡುವವರನ್ನು ಬಹಳ ಜನ ಕಂಡಿದ್ದೇನೆ.

ಈಗ ಅವಳ ಮೂರು ಕೆಲಸ.

ರೋಟೋವ್ಯಾಪ್ ಎಂದರೆ ಉರುಟು ಗಾಜಿನ ಬುರುಡೆಯನ್ನು ಬಿಸಿನೀರಿನಲ್ಲಿ ತಿರುಗಿಸುತ್ತಾ, ಒಳಗಿನ ಒತ್ತಡ ಇಳಿಸಿ, ದ್ರಾವಕವನ್ನು ಕಡಿಮೆ ಬಿಸಿಯಲ್ಲೇ ಕುದಿಸಿ ತೆಗೆಯುವ ಯಂತ್ರ. ಮನೆಯ ಪ್ರೆಷರ್ ಕುಕ್ಕರಿನ ತದ್ವಿರುದ್ಧ. ಕುಕ್ಕರಿನಲ್ಲಿ ಒತ್ತಡ ಹೆಚ್ಚಿಸಿ ನೀರು 100 ಡಿಗ್ರಿ ದಾಟಿದ ಮೇಲೆ ಕುದಿಯುವಂತೆ ಮಾಡುತ್ತೇವೆ. ಇಲ್ಲಿ ಒತ್ತಡ 23 ಮಿಲಿಬಾರಿಗೆ ಇಳಿದರೆ 20 ಡಿಗ್ರಿಯ ತಣ್ಣೀರೇ ಕುದಿಯುತ್ತದೆ. ರೋಟೋವ್ಯಾಪ್ ಬಳಸುವವರ ವಾಡಿಕೆ ಹೀಗೆ: ನೀರಿನ ತೊಟ್ಟಿ 60 ಡಿಗ್ರಿ, ಆವಿ 40 ಡಿಗ್ರಿ, ತಣಿಸುವ ಸುರುಳಿ 20 ಡಿಗ್ರಿ. 40 ಡಿಗ್ರಿಯಲ್ಲಿ ಅಸಿಟೋನ್ ಕುದಿಯಲು ಸುಮಾರು 555 ಮಿಲಿಬಾರ್ ಸಾಕು, ಆಲ್ಕೋಹಾಲಿಗೆ 175, ನೀರಿಗೇ 74. ಅಂದರೆ ಈ ಕೆಲಸಕ್ಕೆ ಹತ್ತು ಮಿಲಿಬಾರಿನವರೆಗೆ ಇಳಿಯುವ ಪಂಪಿದ್ದರೆ ಧಾರಾಳವಾಯಿತು.

"ಇನ್ನೂ ಪವರ್‌ಫುಲ್ ಇದ್ರೆ ಏನು ನಷ್ಟ?" ಎಂದಳು. ನಷ್ಟವಿದೆ. ಒತ್ತಡ ಥಟ್ಟನೆ ಇಳಿದರೆ ದ್ರಾವಕ ಹಾಲಿನಂತೆ ಉಕ್ಕಿ, ವಾರವೆಲ್ಲ ಮಾಡಿದ ಪದಾರ್ಥ ಸುರುಳಿಗೆ ಹಾರಿ ಅಂಟುತ್ತದೆ. ಇನ್ನೊಂದು, ಅತಿ ಕಡಿಮೆ ಒತ್ತಡದಲ್ಲಿ 20 ಡಿಗ್ರಿಯ ಸುರುಳಿಗೆ ಆವಿಯನ್ನು ಮತ್ತೆ ದ್ರವ ಮಾಡಲಾಗುವುದಿಲ್ಲ. ಅದು ಸೀದಾ ಪಂಪಿಗೆ ಹೋಗುತ್ತದೆ. ಪಂಪಿನಲ್ಲಿ ಎಣ್ಣೆಯಿದ್ದರೆ ಆ ಎಣ್ಣೆಯಲ್ಲಿ ಕರಗುತ್ತದೆ. ಒಂದೆರಡು ತಿಂಗಳಲ್ಲಿ ಎಣ್ಣೆ ಹೋಗಿ ತೆಳುವಾದ ಕಷಾಯ ಉಳಿಯುತ್ತದೆ.

ಹಾಗಾಗಿ ಇಲ್ಲಿಗೆ ಡಯಾಫ್ರಮ್ ಪಂಪ್. ಒಂದು ಬಾಗುವ ಪೊರೆ ಮೇಲೆ ಕೆಳಗೆ ಆಡುತ್ತಾ ಗಾಳಿಯನ್ನು ಒಂದು ಕವಾಟದಿಂದ ಒಳಗೆ ಬಿಟ್ಟುಕೊಂಡು ಇನ್ನೊಂದರಿಂದ ಹೊರಗೆ ತಳ್ಳುತ್ತದೆ. ಎಣ್ಣೆಯೇ ಇಲ್ಲ. ಆವಿ ತಾಗುವ ಭಾಗವೆಲ್ಲ ಟೆಫ್ಲಾನ್ ಜಾತಿಯದಾಗಿದ್ದರೆ ಆಮ್ಲದ ಆವಿಗೂ ಅಂಜುವುದಿಲ್ಲ. ಎರಡು ಹಂತದ್ದನ್ನು ಕೊಂಡು, ಒತ್ತಡವನ್ನು ಬೇಕಾದಲ್ಲಿ ನಿಲ್ಲಿಸುವ ಕಂಟ್ರೋಲರ್ ಜೊತೆಗೆ ಹಾಕಿಸಿಕೋ ಎಂದೆ. ನಮ್ಮ ಕಾಲದಲ್ಲಿ ಈ ಕೆಲಸಕ್ಕೆ ನಲ್ಲಿಗೆ ಸಿಕ್ಕಿಸುವ ಗಾಜಿನ ಆಸ್ಪಿರೇಟರ್ ಇತ್ತು. ನೀರು ರಭಸದಿಂದ ಹರಿದು ಗಾಳಿಯನ್ನು ಒಯ್ಯುತ್ತಿತ್ತು. ನೀರಿನ ಆವಿಯ ಒತ್ತಡಕ್ಕಿಂತ ಕೆಳಗೆ ಅದು ಇಳಿಯದು, ಗಂಟೆಗೆ ನೂರಾರು ಲೀಟರ್ ನೀರು ಚರಂಡಿಗೆ, ಜೊತೆಗೆ ದ್ರಾವಕವೂ ಚರಂಡಿಗೆ. ಬಿಂದಿಗೆ ಹಿಡಿದು ಬೀದಿ ನಲ್ಲಿಯ ಮುಂದೆ ಸಾಲು ನಿಂತು ಬೆಳೆದ ನನಗೆ ಅದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು.

ಎರಡನೆಯದು ಫ್ರೀಜ್ ಡ್ರೈಯರ್. ಇನ್‌ಸ್ಟಂಟ್ ಕಾಫಿ ಪುಡಿ ಮಾಡುವ ಒಂದು ವಿಧಾನವೂ ಇದೇ. ಹೆಪ್ಪುಗಟ್ಟಿದ ಪದಾರ್ಥದಿಂದ ಮಂಜುಗಡ್ಡೆ ನೀರಾಗದೆ ನೇರ ಆವಿಯಾಗಬೇಕು. ಅದಕ್ಕೆ ಒತ್ತಡ ಒಂದು ಮಿಲಿಬಾರಿಗಿಂತ ಸಾಕಷ್ಟು ಕೆಳಗಿರಬೇಕು. ಡಯಾಫ್ರಮ್ ಪಂಪ್ ಅಲ್ಲಿಗೆ ಇಳಿಯಲು ಏದುಸಿರು ಬಿಡುತ್ತದೆ. ಇಲ್ಲಿ ಎಣ್ಣೆ ಪಂಪಿಗೆ, ಅಂದರೆ ರೋಟರಿ ವೇನ್ ಪಂಪಿಗೆ, ಜಾಗವಿದೆ. ಉರುಳೆಯಾಕಾರದ ಮನೆಯೊಳಗೆ ನಡುವಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿದ ರೋಟರ್; ಅದರ ಸೀಳಿನಿಂದ ಹೊರಚಾಚಿ ಗೋಡೆ ಸವರುತ್ತಾ ಹೋಗುವ ಎರಡು ಅಲಗು. ಅಲಗಿನ ಹಿಂದೆ ಜಾಗ ಹಿಗ್ಗಿ ಗಾಳಿ ಬರುತ್ತದೆ, ಮುಂದೆ ಜಾಗ ಕುಗ್ಗಿ ಗಾಳಿ ಒತ್ತಿಸಿಕೊಂಡು ಹೊರಗೆ ಹೋಗುತ್ತದೆ. ಸಂದುಗಳನ್ನು ಮುಚ್ಚುವುದು ಎಣ್ಣೆ. ಎರಡು ಹಂತದ ಒಳ್ಳೆಯ ಪಂಪ್ ಒಂದು ಮಿಲಿಬಾರಿನ ಸಾವಿರದಲ್ಲೊಂದು ಪಾಲಿನ ಹತ್ತಿರಕ್ಕೆ ಇಳಿಯುತ್ತದೆ.

ಆದರೆ ನೀರಿನ ಆವಿ ಈ ಪಂಪಿನ ಶತ್ರು. ಯಾಕೆಂದು ಸ್ವಲ್ಪ ನಿಧಾನವಾಗಿ ನೋಡೋಣ, ಇಲ್ಲೇ ಹೆಚ್ಚಿನವರು ಎಡವುವುದು. ಬಿಸಿಯಾದ ಪಂಪಿನೊಳಗೆ 70 ಡಿಗ್ರಿ ಇದೆ ಎನ್ನಿ. ಆ ಬಿಸಿಯಲ್ಲಿ ನೀರಿನ ಆವಿ ಸುಮಾರು 310 ಮಿಲಿಬಾರಿನವರೆಗೆ ಮಾತ್ರ ಆವಿಯಾಗಿರಬಲ್ಲದು. ಹೊರಗಿನ ಗಾಳಿಯನ್ನು ತಳ್ಳಿ ಕವಾಟ ತೆರೆಯಬೇಕಾದರೆ ಅದನ್ನು 1000 ದಾಟಿಸಿ ಒತ್ತಬೇಕು. 310ಕ್ಕೇ ಅದು ನೀರಾಗಿ ಎಣ್ಣೆಗೆ ಇಳಿದುಬಿಡುತ್ತದೆ. ಎಣ್ಣೆ ಮಜ್ಜಿಗೆಯಾಗುತ್ತದೆ, ಅಲಗು ತುಕ್ಕು ಹಿಡಿಯುತ್ತದೆ. ಜರ್ಮನಿಯ ವೋಲ್ಫ್‌ಗಾಂಗ್ ಗೇಡೆ 1935ರಲ್ಲಿ ಇದಕ್ಕೊಂದು ಉಪಾಯ ಕಂಡುಹಿಡಿದ. ಒತ್ತುವ ಹಂತದಲ್ಲಿ ಹೊರಗಿನ ಸ್ವಲ್ಪ ಗಾಳಿಯನ್ನು ಬೇಕೆಂದೇ ಒಳಗೆ ಬಿಡುವುದು. ಆ ಗಾಳಿಯ ಬಲದಿಂದ ಆವಿ ನೀರಾಗುವ ಮುಂಚೆಯೇ ಕವಾಟ ತೆರೆದುಕೊಂಡು ಎರಡೂ ಹೊರಗೆ ಹೋಗುತ್ತವೆ. ಇದಕ್ಕೆ ಗ್ಯಾಸ್ ಬ್ಯಾಲಸ್ಟ್ ಎಂದು ಹೆಸರು. ಪಂಪಿನ ನೆತ್ತಿಯ ಮೇಲೆ ಒಂದು ಸಣ್ಣ ಗುಬುಟು ಇರುತ್ತದೆ, ನೂರಕ್ಕೆ ತೊಂಬತ್ತು ವಿದ್ಯಾರ್ಥಿಗಳು ಅದನ್ನು ಮುಟ್ಟಿಯೇ ಇರುವುದಿಲ್ಲ! ಕೆಲಸಕ್ಕೆ ಮುಂಚೆ ಪಂಪು ಬಿಸಿಯಾಗಲು ಅರ್ಧ ಗಂಟೆ, ಮುಗಿದ ಮೇಲೆ ಎಣ್ಣೆ ಶುದ್ಧವಾಗಲು ಅರ್ಧ ಗಂಟೆ ಅದನ್ನು ತೆರೆದು ಓಡಿಸಿದರೆ ಪಂಪಿನ ಆಯಸ್ಸು ಎಷ್ಟೋ ಹೆಚ್ಚುತ್ತದೆ.

ಇಷ್ಟಾದರೂ ಎಲ್ಲ ನೀರನ್ನೂ ಪಂಪಿನಿಂದಲೇ ತೆಗೆಯುತ್ತೇನೆ ಎಂದರೆ ಆಗದು. ಒಂದು ಲೆಕ್ಕ ಮಾಡಿ ತೋರಿಸಿದೆ, ಪೇಪರ್ ನ್ಯಾಪ್‌ಕಿನ್ ಮೇಲೆ. ಒಂದು ಗ್ರಾಂ ನೀರು, ಅಂದರೆ ಕಾಲು ಟೀ ಚಮಚಕ್ಕೂ ಕಡಿಮೆ, 20 ಡಿಗ್ರಿಯಲ್ಲಿ ಒಂದು ಮಿಲಿಬಾರ್ ಒತ್ತಡದ ಆವಿಯಾದರೆ ಸುಮಾರು 1350 ಲೀಟರ್ ಆಗುತ್ತದೆ. ಒತ್ತಡ 0.1 ಮಿಲಿಬಾರ್ ಆದರೆ 13,500 ಲೀಟರ್. ಅವಳ ಒಂದು ಸಲದ ಕೆಲಸದಲ್ಲಿ 100 ಗ್ರಾಂ ನೀರು ಹೋಗಬೇಕು. ಗಂಟೆಗೆ 10 ಘನ ಮೀಟರ್, ಅಂದರೆ 10,000 ಲೀಟರ್ ಸಾಗಿಸುವ ಪಂಪಿಗೆ ಅದು 135 ಗಂಟೆಗಳ ಕೆಲಸ. ಹತ್ತು ಪಟ್ಟು ದೊಡ್ಡ ಪಂಪ್ ತಂದರೂ ದಿನದ ಅರ್ಧಕ್ಕಿಂತ ಹೆಚ್ಚು ಬೇಕು, ಅದೂ ಆ ನೀರೆಲ್ಲ ಎಣ್ಣೆಯ ಮೂಲಕ ಹಾದು. ಬದಲಿಗೆ ದಾರಿಯಲ್ಲಿ ಮೈನಸ್ 50 ಡಿಗ್ರಿಯ ತಣ್ಣನೆಯ ಗೋಡೆ ಇಟ್ಟರೆ ಆವಿ ಅಲ್ಲೇ ಮಂಜಾಗಿ ಕೂತುಬಿಡುತ್ತದೆ. ಆ ಚಳಿಯಲ್ಲಿ ಮಂಜಿನ ಆವಿ ಒತ್ತಡ ಕೇವಲ 0.04 ಮಿಲಿಬಾರ್. ನೀರಿಗೆ ನಿಜವಾದ ಪಂಪ್ ಆ ತಣ್ಣನೆಯ ಗೋಡೆಯೇ. ಎಣ್ಣೆ ಪಂಪಿಗೆ ಉಳಿಯುವುದು ಗಾಳಿ ತೆಗೆಯುವ ಸಣ್ಣ ಕೆಲಸ.

ನ್ಯಾಪ್‌ಕಿನ್ ನೋಡಿ ಸುಮ್ಮನಾದಳು. ಕೊಟೇಶನ್ನನ್ನು ಮಡಿಚಿ ಪರ್ಸಿಗೆ ಹಾಕಿದ್ದು ಆಗ.

ತಣ್ಣನೆಯ ಬಲೆಯ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ನಿಮ್ಮ ಮಕ್ಕಳು ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದರೆ ಇದನ್ನು ಅವರಿಗೆ ಓದಿ ಹೇಳಿ. ಕೆಲವರು ಬಲೆಯನ್ನು ದ್ರವ ಸಾರಜನಕದಿಂದ ತಣಿಸುತ್ತಾರೆ. ಅದು ಮೈನಸ್ 196 ಡಿಗ್ರಿ. ಆಮ್ಲಜನಕ ದ್ರವವಾಗುವುದು ಮೈನಸ್ 183ರಲ್ಲಿ. ಹಾಗಾಗಿ ಬಲೆಗೆ ಹೊರಗಿನ ಗಾಳಿ ಸೋರುತ್ತಿದ್ದರೆ ಗಾಳಿಯ ಆಮ್ಲಜನಕ ಅಲ್ಲಿ ದ್ರವವಾಗಿ ಸೇರುತ್ತದೆ, ತಿಳಿ ನೀಲಿ ಬಣ್ಣದ್ದು, ನೋಡಲು ಬಹಳ ಚೆಂದ. ಬಲೆಯಲ್ಲಿ ಮೊದಲೇ ದ್ರಾವಕ ಕೂತಿರುತ್ತದೆ. ದ್ರವ ಆಮ್ಲಜನಕ ಮತ್ತು ದ್ರಾವಕ ಸೇರಿದರೆ ಅದು ಬಾಂಬೇ ಸರಿ. ಇಲ್ಲವೇ ಮುಚ್ಚಿದ ಗಾಜಿನೊಳಗೆ ಬಿಸಿಯಾಗಿ, ಆವಿಯಾಗಿ ಸಿಡಿಯುತ್ತದೆ. ಪಂಪ್ ಓಡಿ, ಸೋರಿಕೆಯಿಲ್ಲವೆಂದು ಗೇಜ್ ಹೇಳಿದ ಮೇಲಷ್ಟೇ ದ್ರವ ಸಾರಜನಕವನ್ನು ಏರಿಸಬೇಕು. ಮುಗಿಸುವಾಗ ಮೊದಲು ಅದನ್ನು ಇಳಿಸಿ, ಆಮೇಲೆ ಗಾಳಿ ಬಿಡಬೇಕು. ನೀಲಿ ದ್ರವ ಕಂಡರೆ ಮುಟ್ಟಬಾರದು, ಏನನ್ನೂ ಮುಚ್ಚಬಾರದು. ಎಲ್ಲರನ್ನೂ ಹೊರಗೆ ಕಳಿಸಿ ಸುರಕ್ಷತಾ ವಿಭಾಗದವರನ್ನು ಕರೆಯಬೇಕು. ಹಾಗೆಯೇ ಶುದ್ಧ ಆಮ್ಲಜನಕವನ್ನು ಮಾಮೂಲಿ ಖನಿಜ ತೈಲದ ಪಂಪಿನಲ್ಲಿ ಎಂದೂ ಹಾಯಿಸಬಾರದು. ಅದಕ್ಕೆಂದೇ ಉರಿಯದ, ಫ್ಲೋರಿನ್ ಸೇರಿಸಿ ಮಾಡಿದ ದುಬಾರಿ ಎಣ್ಣೆ ಬೇರೆ ಇದೆ. ಮೈನಸ್ 50ರ ಯಂತ್ರದ ಬಲೆಯಲ್ಲಿ ಆಮ್ಲಜನಕದ ಅಪಾಯ ಇಲ್ಲ; ಅವಳಿಗೆ ನಾನು ಅದನ್ನೇ ಹೇಳಿದ್ದು.

ಮೂರನೆಯ ಕೆಲಸದ ಹೊತ್ತಿಗೆ ಕಾಫಿ ಬಂತು. ಗಾಜಿನ ಮೇಲೆ ಲೋಹದ ತೆಳು ಪದರ ಕೂರಿಸುವ ಚೇಂಬರ್. ಕಾಯಿಸಿದ ಲೋಹದ ಅಣುಗಳು ಯಾರಿಗೂ ಡಿಕ್ಕಿ ಹೊಡೆಯದೆ ಗಾಜಿನವರೆಗೆ ಹಾರಬೇಕು. ಒಂದು ಮಿಲಿಬಾರಿನ ಸಾವಿರದಲ್ಲೊಂದು ಪಾಲಿನಲ್ಲಿ ಗಾಳಿಯ ಅಣು ಡಿಕ್ಕಿಯಿಲ್ಲದೆ ಹೋಗುವ ಸರಾಸರಿ ದೂರ 6-7 ಸೆಂಟಿಮೀಟರ್ ಅಷ್ಟೇ. ಹತ್ತು ಲಕ್ಷದಲ್ಲೊಂದು ಪಾಲಿಗೆ ಇಳಿಸಿದರೆ 60 ಮೀಟರಿಗೂ ಹೆಚ್ಚು. ಅಲ್ಲಿಗೆ ಇಳಿದರೂ, ಉಳಿದ ಅಲ್ಪ ಗಾಳಿಯೇ ಕೆಲವೇ ಸೆಕೆಂಡಿನಲ್ಲಿ ಗಾಜಿನ ಮೇಲೆ ಒಂದು ಅಣುವಿನಷ್ಟು ದಪ್ಪದ ಪದರ ಹಾಸಬಲ್ಲಷ್ಟು ಇರುತ್ತದೆ. ಎಣ್ಣೆ ಪಂಪ್ ಎಷ್ಟೇ ದೊಡ್ಡದಿರಲಿ, ಅಲ್ಲಿಗೆ ತಲುಪುವುದಿಲ್ಲ. ಮೇಲಾಗಿ ಅದರ ಎಣ್ಣೆಯ ಆವಿ ಮೆಲ್ಲಗೆ ಹಿಂದಕ್ಕೆ ತೆವಳಿ ಗಾಜಿನ ಮೇಲೆ ಕೂರುತ್ತದೆ.

ಎಣ್ಣೆ ಹಿಂದಕ್ಕೆ ಬರುವುದೆಂದರೆ ಏನೆಂದು ನಾನು ಪುಸ್ತಕದಲ್ಲಿ ಓದಿ ಕಲಿತವನಲ್ಲ. ಎಂಬತ್ತರ ದಶಕದಲ್ಲಿ ಬೆಂಗಳೂರಿನ ಒಂದು ಲ್ಯಾಬಿನಲ್ಲಿ ವಿದ್ಯಾರ್ಥಿಯಾಗಿದ್ದೆ. ಚೇಂಬರಿನಲ್ಲಿ ಗೆಳೆಯನ ಸ್ಯಾಂಪಲ್ಲುಗಳಿದ್ದವು, ಆರು ತಿಂಗಳ ದುಡಿಮೆ. ಕವಾಟ ಮುಚ್ಚಿ ಹೋಗು ಎಂದು ಹೇಳಿ ಅವನು ಲೈಬ್ರರಿಗೆ ಹೋದ. ಐದು ನಿಮಿಷ ಅಲ್ಲವೇ ಎಂದು ನಾನು ಮುಚ್ಚದೆ ಕಾಫಿಗೆ ಹೋದೆ. ಕರೆಂಟ್ ಹೋಯಿತು. ಪಂಪ್ ನಿಂತಿತು. ಒಳಗೆ ನಿರ್ವಾತ, ಹೊರಗೆ ಇಡೀ ವಾತಾವರಣದ ಒತ್ತಡ. ನಡುವೆ ಇದ್ದದ್ದು ಪಂಪಿನ ಎಣ್ಣೆ. ಅದು ಪೈಪಿನ ಮೂಲಕ ಏರಿ ಚೇಂಬರಿಗೆ ನುಗ್ಗಿತ್ತು. ತಿರುಗಿ ಬಂದಾಗ ಗಾಜಿನ ಗಂಟೆಯೊಳಗೆ ಕಂದು ಬಣ್ಣದ ಎಣ್ಣೆ ಇಳಿಯುತ್ತಿತ್ತು. ತೊಳೆಯಲು ಹನ್ನೊಂದು ದಿನ ಹಿಡಿಯಿತು. ಗೆಳೆಯ ಬೈಯಲಿಲ್ಲ, ಜೊತೆಗೆ ಕೂತು ತೊಳೆದ. ಬೈದಿದ್ದರೆ ವಾಸಿಯಿತ್ತು. ಕರೆಂಟ್ ಹೋದರೆ ತಾನಾಗಿ ಮುಚ್ಚಿಕೊಳ್ಳುವ ಕವಾಟ ಈಗಿನ ಒಳ್ಳೆಯ ಪಂಪುಗಳಲ್ಲಿ ಒಳಗೇ ಇರುತ್ತದೆ. ಇದೆಯೋ ಇಲ್ಲವೋ ಎಂದು ಕೊಳ್ಳುವ ಮುಂಚೆ ಕೇಳಲೇಬೇಕು, ಕರೆಂಟ್ ಹೋಗದ ಊರಿನಲ್ಲಿದ್ದರೂ ಸರಿ. ಪ್ಲಗ್ ಕಾಲಿಗೆ ಸಿಕ್ಕಿ ಕಿತ್ತು ಬರುವುದು ಎಲ್ಲ ದೇಶದಲ್ಲೂ ಒಂದೇ.

ಚೇಂಬರಿಗೆ ಟರ್ಬೋ ಪಂಪ್ ಬೇಕು. 1958ರಲ್ಲಿ ಜರ್ಮನಿಯ ವಿಲ್ಲಿ ಬೆಕರ್ ರೂಪಿಸಿದ ಯಂತ್ರ. ಫ್ಯಾನಿನ ರೆಕ್ಕೆಯಂಥ ಅಲಗುಗಳು, ಚಿಕ್ಕ ಪಂಪಿನಲ್ಲಿ ನಿಮಿಷಕ್ಕೆ ಹತ್ತಾರು ಸಾವಿರ ಸುತ್ತು ತಿರುಗುತ್ತಾ, ಬಂದ ಅಣುವಿಗೆ ಏಟು ಕೊಟ್ಟು ಕೆಳಗೆ ಕಳಿಸುತ್ತವೆ. ಆದರೆ ಇದು ಸಾಮಾನ್ಯ ಗಾಳಿಯ ಒತ್ತಡಕ್ಕೆ ನೇರವಾಗಿ ಹೊರಹಾಕಲಾರದು. ಹಿಂದೆ ಇನ್ನೊಂದು ಪಂಪ್ ನಿಂತು ಅಣುಗಳನ್ನು ಇಸಿದುಕೊಳ್ಳಬೇಕು. ಈಗಿನ ಬಹಳಷ್ಟು ಸಣ್ಣ ಟರ್ಬೋಗಳಿಗೆ ಹಿಂದಿನ ಒತ್ತಡ ಕೆಲವು ಮಿಲಿಬಾರ್ ಇದ್ದರೂ ನಡೆಯುತ್ತದೆ. ಹಾಗಾಗಿ ಮತ್ತೆ ಡಯಾಫ್ರಮ್ ಪಂಪೇ ಸಾಕು, ಎಣ್ಣೆಯ ಗೊಡವೆಯೇ ಇಲ್ಲ. ಎರಡು ಸುರುಳಿಗಳು ಒಂದರೊಳಗೊಂದು ಆಡುವ ಸ್ಕ್ರೋಲ್ ಪಂಪೂ ಇದೆ. ಬೇಗ ಇಳಿಸುತ್ತದೆ, ಆದರೆ ಅದರ ಸೀಲ್ ಸವೆದು ಸಣ್ಣ ಧೂಳು ಬೀಳುತ್ತದೆ, ಆಗಾಗ ಸೀಲ್ ಬದಲಿಸಬೇಕು. ದಿನಕ್ಕೆ ಎರಡು ಸಲ ಮಾತ್ರ ಚೇಂಬರ್ ತೆರೆಯುವವಳಿಗೆ ಹತ್ತು ಹದಿನೈದು ನಿಮಿಷ ಕಾಯುವುದು ಕಷ್ಟವಲ್ಲ. ರೋಟೋವ್ಯಾಪಿನ ಡಯಾಫ್ರಮ್ಮನ್ನೇ ಇದಕ್ಕೂ ಜೋಡಿಸಲೇ ಎಂದು ಕೇಳಿದಳು. ಬೇಡ, ದ್ರಾವಕದ ಆವಿ ಕುಡಿದ ಪಂಪನ್ನು ಶುದ್ಧವಾಗಿರಬೇಕಾದ ಚೇಂಬರಿನ ಹತ್ತಿರಕ್ಕೂ ತರಬೇಡ ಎಂದೆ.

"ಅಂಕಲ್, ಫ್ರೀಜ್ ಡ್ರೈಯರ್ ಪಂಪು ತುಂಬಾ ಸದ್ದು ಮಾಡುತ್ತೆ. ಪಕ್ಕದ ಕ್ಲಾಸೆಟ್‌ನಲ್ಲಿಟ್ಟು ಒಂದು ಉದ್ದದ ಹೋಸ್ ಎಳೆದ್ರೆ?" ಇಲ್ಲಿ ನಾನು ಕಾಫಿ ಲೋಟ ಕೆಳಗಿಟ್ಟೆ. ಆನೆ ಕೊಂಡವರು ಅಂಕುಶಕ್ಕೆ ಚೌಕಾಸಿ ಮಾಡಿದಂತೆ, ಪಂಪ್ ಕೊಂಡವರು ಪೈಪಿನಲ್ಲಿ ಕೆಡುತ್ತಾರೆ. ರಾಜ್ಯೋತ್ಸವ ಮುಗಿದಾಗ ಹಾಲಿನಿಂದ ಐನೂರು ಜನ ಹೊರಡುವುದನ್ನು ನೆನೆಸಿಕೊಳ್ಳಿ. ಹೊರಗೆ ಹತ್ತು ಬಸ್ ನಿಂತಿದ್ದರೇನು, ಬಾಗಿಲು ಒಂದಾಳು ಅಗಲವಿದ್ದರೆ? ಕಡಿಮೆ ಒತ್ತಡದಲ್ಲಿ ಪೈಪಿನ ಮೂಲಕ ಗಾಳಿ ಸಾಗುವ ವೇಗಕ್ಕೆ ಒಂದು ಸುಲಭ ಸೂತ್ರವಿದೆ. ಪೈಪಿನ ಒಳ ಅಗಲವನ್ನು ಸೆಂಟಿಮೀಟರಿನಲ್ಲಿ ಅಳೆದು, ಅದನ್ನು ಅದರಿಂದಲೇ ಮೂರು ಸಲ ಗುಣಿಸಿದಂತೆ ಘನ ತೆಗೆದು, 12ರಿಂದ ಗುಣಿಸಿ, ಸೆಂಟಿಮೀಟರಿನಲ್ಲಿ ಅಳೆದ ಉದ್ದದಿಂದ ಭಾಗಿಸಿ. ಬಂದದ್ದು ಸೆಕೆಂಡಿಗೆ ಎಷ್ಟು ಲೀಟರ್ ಎಂಬುದು. ಒಂದು ಸೆಂಟಿಮೀಟರ್ ಅಗಲ, 3 ಮೀಟರ್ ಉದ್ದದ ಹೋಸ್‌ಗೆ ಇದು 0.04 ಲೀಟರ್. ಗಂಟೆಗೆ 10 ಘನ ಮೀಟರಿನ ಪಂಪ್ ಸೆಕೆಂಡಿಗೆ 2.8 ಲೀಟರ್ ಸಾಗಿಸಬಲ್ಲದು. ನೂರಕ್ಕೆ ತೊಂಬತ್ತೆಂಟು ಪಾಲು ದುಡ್ಡು ಆ ಹೋಸಿನಲ್ಲೇ ಹೋಯಿತು! ಅದೇ 4 ಸೆಂಟಿಮೀಟರ್ ಅಗಲ, ಒಂದು ಮೀಟರ್ ಉದ್ದವಾದರೆ 7.7 ಲೀಟರ್. ಗಿಡ್ಡ, ದಪ್ಪ, ನೇರ. ಸದ್ದಿಗೆ ಕೆಳಗೊಂದು ರಬ್ಬರ್ ಹಾಸು, ಸುತ್ತ ಗಾಳಿಯಾಡುವ ಪೆಟ್ಟಿಗೆ. ಕ್ಲಾಸೆಟ್‌ಗೆ ಪಂಪ್ ಹೋಗಬಾರದು, ಅಲ್ಲಿ ಅದಕ್ಕೆ ಸೆಖೆಯಾಗುತ್ತದೆ, ಹೊರಗೆ ಬಿಡುವ ಎಣ್ಣೆಯ ಮಂಜೂ ಅಲ್ಲೇ ತುಂಬುತ್ತದೆ. ಆ ಹೊಗೆಯನ್ನು ಫಿಲ್ಟರ್ ಮೂಲಕ ಫ್ಯೂಮ್ ಹುಡ್‌ಗೆ ಬಿಡಬೇಕು.

ಏರ್‌ಕಂಡೀಶನರ್ ರಿಪೇರಿಯವರು ಬಳಸುವ ಅಗ್ಗದ ಪಂಪ್ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತಲ್ಲ ಎಂದು ಪಕ್ಕದಲ್ಲಿದ್ದ ಅವಳ ಅಪ್ಪ ಬಾಯಿ ಹಾಕಿದರು. ಒಣ ಗಾಳಿಯನ್ನು ಅರ್ಧ ಗಂಟೆ ತೆಗೆಯಲು ಅದು ಅಡ್ಡಿಯಿಲ್ಲ. ರಾತ್ರಿಯಿಡೀ ಓಡಲು, ದ್ರಾವಕ ಕುಡಿಯಲು ಅದನ್ನು ಮಾಡಿಲ್ಲ. ಅದಕ್ಕಿಂತ ಒಳ್ಳೆಯ ಲ್ಯಾಬ್ ಪಂಪನ್ನು ಯೂನಿವರ್ಸಿಟಿಯ ಹಳೆ ಸಾಮಾನಿನ ಮಾರಾಟದಲ್ಲಿ ಹುಡುಕಬಹುದು. ಹಾಗೆ ಕೊಳ್ಳುವಾಗ ಮೊದಲ ಪ್ರಶ್ನೆ: ಇದು ಹಿಂದೆ ಏನು ಕುಡಿದಿದೆ? ಉತ್ತರ ಗೊತ್ತಿಲ್ಲದಿದ್ದರೆ ಬಿಟ್ಟುಬಿಡಿ. ಸೆಮಿಕಂಡಕ್ಟರ್ ಕೆಲಸದ ಪಂಪಿನ ಎಣ್ಣೆಯಲ್ಲಿ ಆರ್ಸೆನಿಕ್ ಇದ್ದೀತು. ಎಣ್ಣೆಯ ಕಿಟಕಿ ನೋಡಿ: ಬೆಳ್ಳಗೆ ಕಂಡರೆ ನೀರು ಸೇರಿದೆ, ಕಪ್ಪಗಿದ್ದರೆ ಸುಟ್ಟಿದೆ. ಬಾಯಿಗೆ ನೇರವಾಗಿ ಗೇಜ್ ಮುಚ್ಚಿ ಇಪ್ಪತ್ತು ನಿಮಿಷ ಓಡಿಸಿ, ಎಲ್ಲಿಗೆ ಇಳಿಯುತ್ತದೆ ನೋಡಿ.

ಇಲ್ಲಿನ ಹಳೆಯ ಪಂಪನ್ನು ಊರಿನ ತಮ್ಮ ಕಾಲೇಜಿಗೆ ಕಳಿಸುವ ಆಸೆ ನಮ್ಮಲ್ಲಿ ಹಲವರಿಗಿದೆ. ಒಳ್ಳೆಯದೇ. ಆದರೆ ಅಮೆರಿಕದ ಮೋಟಾರ್ 115 ವೋಲ್ಟ್, 60 ಹರ್ಟ್ಸ್. ಕರ್ನಾಟಕದಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟನ್ನು ಬದಲಿಸುತ್ತದೆ, ಹರ್ಟ್ಸನ್ನು ಬದಲಿಸುವುದಿಲ್ಲ. 60ಕ್ಕೆಂದು ಮಾಡಿದ ಮೋಟಾರ್ 50ರಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಓಡುತ್ತದೆ, ಅತಿಯಾಗಿ ಬಿಸಿಯಾಗುತ್ತದೆ. ಮೋಟಾರಿನ ತಗಡಿನ ಮೇಲೆ ಎರಡೂ ಅಂಕಿಗಳಿದ್ದರೆ ಮಾತ್ರ ಕಳಿಸಿ, ಎಣ್ಣೆ ಪೂರ್ತಿ ಬಸಿದು, ಏನು ಕುಡಿದ ಪಂಪೆಂದು ಬರೆದು ಅಂಟಿಸಿ. ಅಲ್ಲಿ ಬಿಚ್ಚುವವನಿಗೂ ಮನೆ ಮಕ್ಕಳಿದ್ದಾರೆ.

ಹೋದ ವಾರ ಅವಳು ಫೋನ್ ಮಾಡಿದ್ದಳು. ರೋಟೋವ್ಯಾಪಿಗೆ ಹೊಸ ಡಯಾಫ್ರಮ್, ಫ್ರೀಜ್ ಡ್ರೈಯರಿಗೆ ಹಳೆ ಸಾಮಾನಿನ ಮಾರಾಟದಲ್ಲಿ ಸಿಕ್ಕ ಎಣ್ಣೆ ಪಂಪ್, ಚೇಂಬರಿಗೆ ಹೊಸ ಟರ್ಬೋ. ಒಟ್ಟು ಖರ್ಚು ಆ ಮೊದಲ ಕೊಟೇಶನ್ನಿಗಿಂತ ಹೆಚ್ಚೇ ಆಗಿದೆ, ಸುಳ್ಳು ಹೇಳುವುದಿಲ್ಲ. ಹೊಸ ತಕ್ಕಡಿಯನ್ನು ಮುಂದಿನ ವರ್ಷಕ್ಕೆ ತಳ್ಳಿದ್ದಾಳೆ. ಅವಳ ಮೊದಲ ವಿದ್ಯಾರ್ಥಿನಿಗೆ ಗ್ಯಾಸ್ ಬ್ಯಾಲಸ್ಟ್ ಗುಬುಟು ತೋರಿಸಿ, ಅದರ ಮೇಲೆ ಕೆಂಪು ಟೇಪ್ ಸುತ್ತಿದ್ದಾಳಂತೆ. ಟರ್ಬೋ ಮಾತ್ರ ನಾಲ್ಕು ಗಂಟೆ ಕಳೆದರೂ ಹೇಳಿದಷ್ಟು ಇಳಿಯುತ್ತಿಲ್ಲ ಎಂದಳು. ಚೇಂಬರಿನ ಗೋಡೆಗೆ ಅಂಟಿದ ನೀರಿನ ತೇವ ಅದು, ರಾತ್ರಿಯೆಲ್ಲ ಓಡಲಿ, ಹೊರಗಿನಿಂದ ಸ್ವಲ್ಪ ಬಿಸಿ ಮಾಡು ಎಂದೆ. ಬೆಳಿಗ್ಗೆ ಒಂದು ಸಾಲಿನ ಮೈಲ್ ಬಂದಿತ್ತು: "ಇಳಿದಿದೆ ಅಂಕಲ್."

ಮಕ್ಕಳಿಗೊಂದು ಪ್ರಶ್ನೆ: ಒಂದು ಸೆಂಟಿಮೀಟರ್ ಅಗಲದ ಎಷ್ಟು ಪೈಪುಗಳನ್ನು ಅಕ್ಕಪಕ್ಕ ಜೋಡಿಸಿದರೆ, ಅಷ್ಟೇ ಉದ್ದದ, 3 ಸೆಂಟಿಮೀಟರ್ ಅಗಲದ ಒಂದು ಪೈಪಿಗೆ ಸಮವಾಗುತ್ತದೆ? ಒಂಬತ್ತು ಎಂದು ಅವಸರದಲ್ಲಿ ಹೇಳಬೇಡಿ. ಉತ್ತರ ಮುಂದಿನ ಸಂಚಿಕೆಯಲ್ಲಿ.